ಎತ್ತಿದ ಕೈ

ಟಕ್, ಟಕ್, ಟಕ್ ಅಂತ ಯಾರೋ ನಡೆಯುತ್ತಿದ್ದಾರೆ, ಆಸ್ಪತ್ರೆಯೊಳಗೆ ಇಷ್ಟು ಸದ್ದು ಮಾಡಿಕೊಂಡು ಓಡಾಡುವ ಬುದ್ಧಿಗೇಡಿ ಯಾರಪ್ಪಾ ಅಂತ ತಲೆಯೆತ್ತಿದರೆ ಕಾರಿಡಾರಿನಲ್ಲಿ ಬೇರೆ ಯಾರೂ ಇಲ್ಲ, ನಡೆಯುತ್ತಿರುವುದು ತಾವೇ, ಸದ್ದು ತಮ್ಮದೇ ಸೈಕಲ್ ಬೂಟಿನದು, ಪೆಡಲಿಗೆ ಕಚ್ಚಿಕೊಳ್ಳಲೆಂದು ಅಡಿಯಲ್ಲಿ ಗಟ್ಟಿ ಪಟ್ಟಿ ಇರುವ ಬೂಟು, ನೆಲದ ಮೇಲೆ ನಡೆಯಲು ಮಾಡಿದ್ದಲ್ಲ — ನೆಲ ಒರೆಸುತ್ತಿದ್ದ ಹೆಂಗಸು ಕೋಲು ನಿಲ್ಲಿಸಿ, ನಿಧಾನ ಸಾರ್, ಒದ್ದೆಯಿದೆ, ಜಾರತ್ತೆ, ಅನ್ನುತ್ತಾಳೆ, ಹೂಂ ಅನ್ನುತ್ತಾರೆ, ಮತ್ತೆ ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ, ಗಾಜಿನ ಬಾಗಿಲಿನಲ್ಲಿ ಅರವತ್ತೆರಡು ವರ್ಷದ ಮುದುಕನೊಬ್ಬ ಹಳದಿ ಅಂಗಿ, ಮೈಗಂಟಿದ ಕರಿ ಚಡ್ಡಿ ಹಾಕಿಕೊಂಡು ಎದುರಿಗೆ ಬರುತ್ತಾನೆ, ಹೆಂಡತಿ ಹೇಳುವುದು ಸುಳ್ಳಲ್ಲ, ಅರವತ್ತಕ್ಕೆ ಅರಳುಮರಳು ಅಂತ ಕೇಳಿದ್ದೆ ಕಣ್ರೀ, ಅರವತ್ತಕ್ಕೆ ಈ ಚಡ್ಡಿ ಅಂತ ಕೇಳಿರಲಿಲ್ಲ, ಅಂತ ಮೊದಲ ದಿನವೇ ಅಂದಿದ್ದಳು, ಅಳಿಯ ನಗು ತಡೆಯಲಾರದೆ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿದ್ದ, ಅಳಿಯ, ಆ ಬಾಗಿಲ ಆಚೆ ಇರುವವನು, ಮೂವತ್ತೊಂದು ವರ್ಷದವನು. ಎದೆಗೆ ಕಟ್ಟಿದ ಪಟ್ಟಿ ಇನ್ನೂ ಹಾಗೇ ಇದೆ, ಅಂಗಿಯೊಳಗೆ ಬೆವರು ಒಣಗಿ ಕಡಿಯುತ್ತಿದೆ, ನಾಡಿ ಎಣಿಸುವ ಪಟ್ಟಿ, ಮಗಳು ತಂದುಕೊಟ್ಟದ್ದು, ಅಪ್ಪ, ಇದನ್ನ ಕಟ್ಟಿಕೊಂಡರೆ ಮಾತ್ರ ಗುಡ್ಡಕ್ಕೆ ಸೈಕಲ್ಲು, ಇಲ್ಲಾಂದ್ರೆ ಇಲ್ಲ, ಅಂದಿದ್ದಳು, ಅವನಿಗೆ ಒಂದು ತರಲಿಲ್ಲ, ಅವನು, ನಂಗ್ಯಾಕೆ ಮಾವ ಅದೆಲ್ಲ, ಅಂದ, ಸರಿಯೇ, ಅವನಿಗ್ಯಾಕೆ, ಎಲ್ಲರೂ ಕಾಯುತ್ತಿದ್ದದ್ದು ಈ ಹಳೇ ಎದೆಯನ್ನು, ಪ್ರತಿ ಭಾನುವಾರ ಬಾಗಿಲಲ್ಲಿ ನಿಂತು ಮಗಳು ಗಂಡನಿಗೆ ಹೇಳುವುದು ಒಂದೇ ಮಾತು, ಅಪ್ಪನ್ನ ನೋಡ್ಕೋ. ಇವನನ್ನ ನೋಡ್ಕೋ ಅಂತ ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಿತ್ತಾ, ಹೇಳದಿದ್ದರೆ ನೋಡಬಾರದಾ, ಕಣ್ಣು ಇರುವುದು ಯಾಕೆ.

ಎಷ್ಟು ಹೊತ್ತಾಗಿತ್ತು, ಅಂತ ಒಳಗೆ ಹೋಗುವ ಮುಂಚೆ ಡಾಕ್ಟರಮ್ಮ ಕೇಳಿದ್ದಳು, ಎದೆ ನೋವು ಶುರುವಾಗಿ ಎಷ್ಟು ಹೊತ್ತು, ಬಿದ್ದು ಎಷ್ಟು ಹೊತ್ತು, ನೀವು ಜೊತೆಗಿದ್ರಲ್ವಾ, ಅಂತ, ಪಂಪು ಮಾಡುವ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಅಳತೆ ನೋಡಿದವರ ನಾಲಿಗೆಗೆ ಒಂದು ಅಂಕಿ ಬರಲಿಲ್ಲ. ಕೂದಲೆಳೆಯ ಹತ್ತರಲ್ಲೊಂದು ಪಾಲು ಹೆಚ್ಚು ದಪ್ಪವಿದ್ದರೂ, ಇದು ಬೇಡ, ಪಕ್ಕಕ್ಕಿಡು, ಅನ್ನುತ್ತಿದ್ದವರು, ಲೇತಿನಲ್ಲಿ ಬಿಡಿಭಾಗ ಕಡೆಯುವ ಟರ್ನರುಗಳೆಲ್ಲ ಹಿಂದಿನಿಂದ ಶಪಿಸುತ್ತಿದ್ದರು, ಇವನ ಕಣ್ಣಿಗೆ ಮಣ್ಣು ಬೀಳ ಅಂತ, ನಿವೃತ್ತಿಯಾದ ಮೇಲೆ ಅಳೆಯಲು ಏನೂ ಉಳಿದಿರಲಿಲ್ಲ, ತಮ್ಮನ್ನೇ ಅಳೆದುಕೊಳ್ಳಲು ಶುರುಮಾಡಿದರು. ಗುಡ್ಡದ ದಾರಿ ಆರು ಕಿಲೋಮೀಟರು, ಏಳು ತಿರುವು, ತುದಿಯಲ್ಲಿ ಟವರು, ಟವರಿನ ಕೆಳಗೆ ಸಿಮೆಂಟಿನ ಬೆಂಚು. ಮೊದಲ ಸಲ ನಲವತ್ತು ನಿಮಿಷ, ಎರಡು ಕಡೆ ಇಳಿದು ತಳ್ಳಿದ್ದು, ಒಂದು ವರ್ಷಕ್ಕೆ ಮೂವತ್ತು, ಆಮೇಲೆ ಇಪ್ಪತ್ತೇಳು, ಹುಡುಗರು ಹತ್ತೊಂಬತ್ತು ಇಪ್ಪತ್ತರಲ್ಲಿ ಹತ್ತುತ್ತಾರೆ, ಮಾತಾಡಿಕೊಂಡು ಹತ್ತುತ್ತಾರೆ, ಅದೇ ಹೊಟ್ಟೆ ಉರಿಸುವುದು, ತಾವು ಉಸಿರಿಗಾಗಿ ಬಾಯಿ ಬಿಡುವ ಜಾಗದಲ್ಲಿ ಅವರು ನಿನ್ನೆ ನೋಡಿದ ಮ್ಯಾಚಿನ ವಿಷಯ ಮಾತಾಡುತ್ತಿರುತ್ತಾರೆ, ಅಳಿಯ ಮಾವ ಅನ್ನುತ್ತಾನೆಂದು ಗುಂಪಿಗೆ ಗುಂಪೇ ಮಾವ ಅನ್ನುತ್ತದೆ, ಸೈಡು ಮಾವ, ಗೇರು ಇಳಿಸಿ ಮಾವ, ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ದಾಟಿ ಹೋಗುತ್ತ, ಸೂಪರ್ ಮಾವ, ಬಿಡಬೇಡಿ, ಅನ್ನುತ್ತಾಳೆ, ಅದು ಹೊಗಳಿಕೆಯೇ, ಆದರೆ ದಾಟಿ ಹೋಗುವವರ ಹೊಗಳಿಕೆ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೇ ಒಂದು ಲೆಕ್ಕ ಮಾಡಿಕೊಂಡಿದ್ದರು, ಯಾರಿಗೂ ಹೇಳದ ಲೆಕ್ಕ, ವಯಸ್ಸಿನ ವ್ಯತ್ಯಾಸದ ಒಂದೊಂದು ವರ್ಷಕ್ಕೆ ಐದು ಸೆಕೆಂಡು ರಿಯಾಯಿತಿ, ಅಳಿಯನಿಗೂ ತಮಗೂ ಮೂವತ್ತೊಂದು ವರ್ಷ, ಅಂದರೆ ಎರಡೂವರೆ ನಿಮಿಷ ಚಿಲ್ಲರೆ, ಅಷ್ಟು ಕಳೆದು ನೋಡಿದರೆ ತಾವೇನು ಕಮ್ಮಿ — ಆಮೇಲೆ ಕಳೆಯುವ ಅಗತ್ಯವೇ ಬೀಳಲಿಲ್ಲ, ಎರಡು ವರ್ಷದಿಂದ ಆಗಾಗ ಅವನನ್ನು ಗೆಲ್ಲುತ್ತಿದ್ದರು, ಕೊನೇ ತಿರುವಿನಲ್ಲಿ ಅವನ ಹಿಂದಿನ ಚಕ್ರ ಹತ್ತಿರ ಹತ್ತಿರ ಬರುತ್ತಿತ್ತು, ಪಕ್ಕಕ್ಕೆ ಬರುತ್ತಿತ್ತು, ಹಿಂದೆ ಹೋಗುತ್ತಿತ್ತು, ಬೆಂಚಿನ ಮೇಲೆ ಕೂತು, ಏನಪ್ಪಾ, ಬೆಳಿಗ್ಗೆ ತಿಂಡಿ ತಿಂದಿರಲಿಲ್ವಾ, ಅಂತ ಕೇಳುವುದರಲ್ಲಿ ಇದ್ದ ಸುಖ, ಅದಕ್ಕೆ ಸಮ ಯಾವುದಿದೆ.

ಮೂರು ವಾರದ ಹಿಂದೆ ಮಗಳ ಮನೆ, ಕೈ ತೊಳೆಯಲು ಎದ್ದು ಹೋದವರು ಅಡುಗೆಮನೆಯ ಬಾಗಿಲ ಹತ್ತಿರ ನಿಂತರು, ನಲ್ಲಿ ನೀರು ಸುರಿಯುತ್ತಿತ್ತು, ಮಗಳ ದನಿ, ಅಪ್ಪಂಗೆ ಈಚೆಗೆ ಸುಸ್ತು ಜಾಸ್ತಿ, ಈ ಸಲಾನೂ ಕೊನೇ ತಿರುವಲ್ಲಿ ಸ್ವಲ್ಪ ಸ್ಲೋ ಮಾಡು, ಆಯ್ತಾ, ಅವರೇ ಮುಂದೆ ಹೋಗ್ಲಿ — ಅಳಿಯನ ದನಿ, ಮಾಡ್ತಾನೇ ಇದ್ದೀನಲ್ಲೇ, ಎರಡು ವರ್ಷದಿಂದ, ಒಂದೊಂದ್ಸಲ ಎಷ್ಟು ಸ್ಲೋ ಮಾಡಬೇಕಾಗುತ್ತೆ ಅಂದ್ರೆ ಬ್ಯಾಲೆನ್ಸ್ ತಪ್ಪಿ ನಾನೇ ಬೀಳ್ತೀನಿ ಅನ್ಸತ್ತೆ. ಇಬ್ಬರೂ ನಕ್ಕರು. ಕೆಟ್ಟ ನಗುವಲ್ಲ, ಮಗುವಿನ ಆಟ ನೋಡಿ ನಗುತ್ತಾರಲ್ಲ, ಆ ಥರದ್ದು, ಕೆಟ್ಟ ನಗುವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಕೈ ತೊಳೆಯದೇ ಬಂದು ಕೂತರು, ಎರಡು ವರ್ಷದ ಗೆಲುವೆಲ್ಲ ಭಿಕ್ಷೆ, ಬಟ್ಟಲು ಹಿಡಿದದ್ದೇ ಗೊತ್ತಿಲ್ಲದ ಭಿಕ್ಷುಕ, ಮರುದಿನದಿಂದ ದಿನಾ ಬೆಳಿಗ್ಗೆ ಒಬ್ಬರೇ ಗುಡ್ಡ, ಹೆಂಡತಿಗೆ ಪೇಪರ್ ತರಲು ಹೋಗಿದ್ದೆ ಅಂತ ಸುಳ್ಳು, ಪೇಪರ್ ತರಲು ಇಷ್ಟು ಬೆವರ್ತಾರೇನ್ರೀ, ಅಂತ ಅವಳು, ಇಪ್ಪತ್ತಾರು, ಇಪ್ಪತ್ತೈದೂವರೆ, ಇಪ್ಪತ್ತೈದು. ಈ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಚಕ್ರದ ಗಾಳಿ ಒತ್ತಿ ನೋಡುತ್ತ ಅವನಿಗೆ ಹೇಳಿದರು, ನೋಡಪ್ಪಾ, ಇವತ್ತು ಯಾರೂ ಯಾರಿಗೂ ಕಾಯೋದು ಬೇಡ, ನೀನು ಎಲ್ಲಾದ್ರೂ ನನಗೋಸ್ಕರ ಸ್ಲೋ ಮಾಡಿದ್ಯೋ, ನಾಳೆಯಿಂದ ನನ್ನ ಜೊತೆ ಮಾತಾಡಬೇಡ. ಅವನ ಮುಖ ಕೆಂಪಾಯಿತು, ಗೊತ್ತಾಯಿತು ಅವನಿಗೆ, ಜಾಣ ಅವನು, ಸರಿ ಮಾವ ಅಂದ, ಆಮೇಲೆ ಎಡಭುಜ ತಿರುವುತ್ತ, ಯಾಕೋ ಇಲ್ಲಿ ಹಿಡಿದ ಹಾಗಿದೆ ಮಾವ, ರಾತ್ರಿ ಮಲಗಿದ್ದು ಸರಿಯಿರಲಿಲ್ಲ ಅನ್ಸತ್ತೆ, ಅಂದ. ಅಂದ, ಅಂದಿದ್ದ, ಅದಕ್ಕೆ ತಾವು ಏನಂದರು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂದರು. ಅವನು ನಕ್ಕ. ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಂಡು ಹೊರಟ. ಅದೊಂದು ಗಾದೆ, ಸಾವಿರ ಸಲ ಅಂದಿರುವ ಗಾದೆ, ಈಗ ನಾಲಿಗೆಯ ಮೇಲೆ ಕುಳಿತು ಇಳಿಯುತ್ತಿಲ್ಲ, ಉಗಿಯಲೂ ಆಗುತ್ತಿಲ್ಲ.

ಹೊರಟವನು ನಿಜವಾಗಿಯೂ ಹೊರಟ, ಎರಡು ವರ್ಷ ಮುಚ್ಚಿಟ್ಟದ್ದನ್ನೆಲ್ಲ ಬಿಚ್ಚಿದ, ಮೊದಲ ತಿರುವಿಗೇ ನೂರು ಮೀಟರು, ಎರಡನೆಯದಕ್ಕೆ ಕಾಣಿಸಲೇ ಇಲ್ಲ, ಓಹೋ ಇದಾ ನಿನ್ನ ಅಸಲು ಓಟ ಅಂತ ಒಳಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಕಿಚ್ಚು, ತೊಡೆ ಉರಿಯುತ್ತಿದೆ, ಎದೆಯ ಪಟ್ಟಿ ಎಣಿಸಿದ ನಾಡಿಯನ್ನು ಹ್ಯಾಂಡಲಿನ ಮೀಟರು ನೂರಾ ಐವತ್ತೆಂಟು ಅಂತ ತೋರಿಸುತ್ತಿದೆ, ತೋರಿಸಲಿ, ನಾಲ್ಕನೇ ತಿರುವು ದಾಟಿದಾಗ ಅವನ ನೀಲಿ ಅಂಗಿ ಮತ್ತೆ ಕಂಡಿತು, ನಲವತ್ತು ಮೀಟರು, ಮೂವತ್ತು, ಹತ್ತಿರ ಬರುತ್ತಿದೆ, ಐದನೇ ತಿರುವಿನಲ್ಲಿ ರಸ್ತೆಯ ಅಂಚಿಗೆ ಸರಿದು ಅವನು ಆನೆಯ ಹಾಗೆ ತೂಗುತ್ತ ಪೆಡಲು ತುಳಿಯುತ್ತಿದ್ದಾನೆ, ಸ್ಲೋ ಮಾಡುತ್ತಿದ್ದಾನೆ, ಮತ್ತೆ, ಅಷ್ಟು ಹೇಳಿದ ಮೇಲೂ, ಮುಖಕ್ಕೆ ಹೊಡೆದ ಹಾಗೆ ಹೇಳಿದ ಮೇಲೂ ಮತ್ತೆ ಭಿಕ್ಷೆ, ತಲೆಗೆ ರಕ್ತ ಏರಿತು, ಸೀಟಿನಿಂದ ಎದ್ದು ನಿಂತು ತುಳಿದರು, ಪಕ್ಕಕ್ಕೆ ಬಂದಾಗ ಮುಖ ನೋಡಲಿಲ್ಲ, ಬೇಕಂತಲೇ ನೋಡಲಿಲ್ಲ, ನೋಡಿದರೆ ಮಗುವಿನ ಆಟ ನೋಡುವ ಆ ನಗು ಇರುತ್ತದೆ ಅಂತ, ದಾಟಿದರು, ಹಿಂದಿನಿಂದ ಮಾವ ಅಂತ ಕೇಳಿಸಿತು, ಒಂದೇ ಸಲ, ಸಣ್ಣಗೆ, ಕತ್ತು ಅರ್ಧ ತಿರುಗಿಸಿದರು, ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದ, ಬಲಗೈ ಹ್ಯಾಂಡಲಿನಿಂದ ಮೇಲೆದ್ದಿತ್ತು, ಕೈ, ಹೋಗಿ ಹೋಗಿ ಅನ್ನುತ್ತಿದ್ದಾನೆ ಅಂದುಕೊಂಡರು, ಹೋದರು. ಆರನೇ ತಿರುವು, ಏಳನೆಯದು, ಟವರು, ಬೆಂಚು, ಹ್ಯಾಂಡಲಿನ ಮೀಟರು ಒತ್ತಿದರೆ ಇಪ್ಪತ್ಮೂರು ನಿಮಿಷ ಮೂವತ್ತೊಂದು ಸೆಕೆಂಡು. ಜೀವಮಾನದಲ್ಲಿ ಅಷ್ಟು ಬೇಗ ಹತ್ತಿರಲಿಲ್ಲ. ಬೆಂಚಿನ ಮೇಲೆ ಕೂತರು, ನೀರು ಕುಡಿದರು, ಫೋನು ತೆಗೆದು ಮೀಟರಿನ ಚಿತ್ರ ಹಿಡಿದರು, ಮಗಳಿಗೆ ಕಳಿಸಿದರು, ಕೆಳಗೆ ಒಂದು ಸಾಲು ಬೇರೆ ಬರೆದರು, ನಿನ್ನ ಗಂಡನಿಗೆ ಹೇಳು, ಮಾವನಿಗೆ ಯಾರ ದಯೆಯೂ ಬೇಕಾಗಿಲ್ಲ ಅಂತ. ಏಳು ಗಂಟೆ ಹತ್ತು ನಿಮಿಷ. ಇನ್ನೂ ಬರಲಿಲ್ಲ ಅವನು, ನಾಟಕ, ತಡಮಾಡಿ ಬಂದು ಸೋತ ಹಾಗೆ ಮಾಡುತ್ತಾನೆ, ಹಕ್ಕಿ ನೋಡಿದರು, ಬೂಟಿನ ದಾರ ಬಿಗಿದರು, ಮೀಟರಿನಲ್ಲಿ ನಾಡಿ ನೂರಕ್ಕೆ ಇಳಿಯಿತು, ತೊಂಬತ್ತಕ್ಕೆ ಇಳಿಯಿತು, ತಮ್ಮ ಎದೆಬಡಿತ ಎಷ್ಟು ಚೆನ್ನಾಗಿ ಇಳಿಯುತ್ತಿದೆ ಅಂತ ಕೂತು ನೋಡಿದರು, ಹತ್ತು ನಿಮಿಷ ನೋಡಿದರು.

ಐದನೇ ತಿರುವಿನಲ್ಲಿ ಬ್ರೆಡ್ಡು ಸಾಗಿಸುವ ವ್ಯಾನು ರಸ್ತೆಗೆ ಅಡ್ಡ ನಿಂತಿತ್ತು, ಹಿಂದಿನ ಬಾಗಿಲು ತೆರೆದಿತ್ತು, ಬಿಸಿ ಬ್ರೆಡ್ಡಿನ ವಾಸನೆ, ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತ ಮೊದಲು ಅಂದುಕೊಂಡದ್ದು ಯಾವನೋ ಅಡ್ಡ ನಿಲ್ಲಿಸಿದ್ದಾನಲ್ಲ ಅಂತ, ಆಮೇಲೆ ನೀಲಿ ಅಂಗಿ ಕಂಡಿತು, ನೆಲದ ಮೇಲೆ, ಕತ್ತರಿಸಿ ತೆರೆದ ನೀಲಿ ಅಂಗಿ, ಅದರ ಮೇಲೆ ವ್ಯಾನು ಓಡಿಸುವ ಹೆಂಗಸು ಮಂಡಿಯೂರಿ ಎರಡೂ ಕೈ ಒತ್ತಿಟ್ಟು ಎದೆ ಅದುಮುತ್ತಿದ್ದಾಳೆ, ಇಪ್ಪತ್ತೆರಡು, ಇಪ್ಪತ್ಮೂರು, ಇವರನ್ನು ನೋಡಿ ಎಣಿಕೆ ಬಿಡದೆ, ಇಪ್ಪತ್ನಾಲ್ಕು, ಬನ್ನಿ ಈ ಕಡೆ, ಇಪ್ಪತ್ತೈದು, ನನ್ನ ಕೈ ಸೋತಿದೆ, ನೀವು ಅದುಮಿ, ಅಂದಳು. ಅದುಮಿದರು. ಈ ಎದೆಯನ್ನು ಸೋಲಿಸಬೇಕೆಂದು ಮೂರು ವಾರ ಬೆವರು ಸುರಿಸಿದವರು ಅದೇ ಎದೆಯನ್ನು ಎರಡೂ ಕೈಯಿಂದ ಅದುಮಿದರು, ಒಳಗೆ ಏನೋ ಕಟಕ್ ಅಂದಿತು, ನಿಲ್ಲಿಸಬೇಡಿ ಅಂದಳು ಅವಳು, ಪಕ್ಕೆಲುಬು ಮುರಿದರೆ ಮುರೀಲಿ, ನಮ್ಮ ಬೇಕರಿಯಲ್ಲಿ ಹೇಳಿಕೊಟ್ಟಿದ್ದಾರೆ, ನಿಲ್ಲಿಸಬೇಡಿ. ಮುಖ ಈಗ ನೋಡಿದರು, ಬೂದಿಯ ಬಣ್ಣ, ತುಟಿಯಲ್ಲಿ ನಗು ಇರಲಿಲ್ಲ. ಆಂಬುಲೆನ್ಸು ಬಂತು, ಬಂದವರು ಎದೆಗೆ ಕರೆಂಟು ಕೊಡುವ ಎರಡು ಬಿಲ್ಲೆ ಅಂಟಿಸಿ ದೂರ ಸರಿಯಿರಿ ಅಂದರು, ದೇಹ ಒಮ್ಮೆ ಎಗರಿತು, ಮತ್ತೊಮ್ಮೆ ಎಗರಿತು, ಬಂತು ಬಂತು ಅಂದ ಒಬ್ಬ, ಏನು ಬಂತು ಅಂತ ಕೇಳಲು ಧೈರ್ಯವಾಗಲಿಲ್ಲ. ವ್ಯಾನಿನ ಹೆಂಗಸು ರಸ್ತೆಯ ಕಲ್ಲಿನ ಮೇಲೆ ಕೂತು ಬೆರಳು ಮಡಚಿ ಬಿಚ್ಚುತ್ತಿದ್ದಳು, ಅಮ್ಮಾ, ನೀವು ಬರುವಾಗಲೇ ಬಿದ್ದಿದ್ನಾ, ಅಂತ ಕೇಳಿದರು, ಇಲ್ಲ, ಕಟ್ಟೆ ಮೇಲೆ ಕೂತಿದ್ರು, ಇಳಿದು ಹತ್ತಿರ ಹೋಗೋಷ್ಟರಲ್ಲಿ ಕುಸಿದ್ರು, ಅಂದಳು. ನಿಮಗೆ ಹೇಗೆ ಗೊತ್ತಾಯ್ತು, ಮಾತಾಡಿದ್ನಾ, ಕೂಗಿದ್ನಾ. ಅವಳು ಇವರ ಮುಖವನ್ನೇ ನೋಡಿದಳು, ಇದೇನು ಕೇಳುವ ಪ್ರಶ್ನೆಯಾ ಅನ್ನುವ ಹಾಗೆ. ಮಾತೇನೂ ಇಲ್ಲ ಸಾರ್, ಕೈ ಎತ್ತಿದ್ರು, ನಿಲ್ಲಿಸಿದೆ, ಅಷ್ಟೆ.

ಅಷ್ಟೆ. ಕೈ ಎತ್ತಿದರೆ ನಿಲ್ಲುತ್ತಾರೆ, ಬಸ್ಸು ನಿಲ್ಲುತ್ತದೆ, ಯಾರೋ ಏನೋ ಅಂತ ಗೊತ್ತಿಲ್ಲದ ವ್ಯಾನು ನಿಲ್ಲುತ್ತದೆ, ನಿಲ್ಲದೆ ಹೋದದ್ದು ಒಂದು ಸೈಕಲ್ಲು, ಅದರ ಮೇಲಿದ್ದ ಮಾವ — ಬಾಗಿಲು ತಳ್ಳಿದ ಸದ್ದು, ಮಗಳು ಬರುತ್ತಿದ್ದಾಳೆ, ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದು ಕಾಲಲ್ಲಿ ಅವನದು, ದೊಡ್ಡದು, ಎಳೆದುಕೊಂಡು ಬರುತ್ತಿದ್ದಾಳೆ, ಕೈಯಲ್ಲಿ ಫೋನು, ಅದರೊಳಗೆ ತಮ್ಮ ಸಾಲು ಇದೆ, ಯಾರ ದಯೆಯೂ ಬೇಕಾಗಿಲ್ಲ. ಅಪ್ಪ, ಎಲ್ಲಿ ಅವನು. ಒಳಗೆ, ರಕ್ತನಾಳ ಕಟ್ಟಿಕೊಂಡಿದೆಯಂತೆ, ಬಿಡಿಸ್ತಿದ್ದಾರೆ, ಎದೆ ಹೊಡ್ಕೊಳ್ತಿದೆ, ಉಸಿರಿದೆ. ನೀನು ಜೊತೆಗೇ ಇದ್ದೆಯಲ್ಲ, ಅಂತ ಅವಳು ತೋಳು ಹಿಡಿದುಕೊಂಡಳು, ಸದ್ಯ ನೀನು ಜೊತೆಗಿದ್ದೆ ಅಪ್ಪ, ಇಲ್ಲದಿದ್ರೆ ಏನು ಗತಿ. ಹೂಂ ಅನ್ನಬಹುದಿತ್ತು. ಅಲ್ಲೇ, ಆ ಒಂದು ಅಕ್ಷರ ಸಾಕಿತ್ತು, ಬಾಯಿ ತೆರೆದೂ ಇತ್ತು, ಮೂವತ್ತನಾಲ್ಕು ವರ್ಷದಲ್ಲಿ ಒಂದೂ ಸುಳ್ಳು ಅಳತೆ ಬರೆದವರಲ್ಲ. ಇರಲಿಲ್ಲ ಪುಟ್ಟಿ, ಅಂದರು, ನಾನು ಮೇಲಿದ್ದೆ. ಅವನು ಐದನೇ ತಿರುವಲ್ಲಿ ನಿಂತುಬಿಟ್ಟ, ನಾನು ದಾಟಿಕೊಂಡು ಹೋದೆ, ಸ್ಲೋ ಮಾಡಿ ನಂಗೆ ಬಿಟ್ಟುಕೊಡ್ತಿದ್ದಾನೆ ಅಂದ್ಕೊಂಡೆ, ಕರೆದ ಕಣೇ, ಮಾವ ಅಂದ, ಕೈ ಎತ್ತಿದ, ನೋಡಿದೆ, ಹೋದೆ. ತೋಳಿನ ಮೇಲಿದ್ದ ಅವಳ ಕೈ ಹಿಡಿತ ಸಡಿಲಿಸಲಿಲ್ಲ, ಬಿಗಿ ಮಾಡಲೂ ಇಲ್ಲ, ಅಲ್ಲೇ ಮರೆತುಹೋದ ಹಾಗೆ ಇತ್ತು. ಬಿಟ್ಟುಕೊಡ್ತಾನೆ ಅಂತ ನಿಂಗೆ ಯಾರು ಹೇಳಿದ್ರು, ಅಂದಳು. ಅಡುಗೆಮನೆ ಮಾತು ಕೇಳಿಸ್ಕೊಂಡೆ. ಅವಳು ಗೋಡೆಗೆ ಒರಗಿದಳು, ಜಾರಿದಳು, ಒದ್ದೆ ನೆಲದ ಮೇಲೇ ಕೂತಳು. ಸ್ಲೋ ಮಾಡು ಅಂತ ಹೇಳಿಕೊಟ್ಟಿದ್ದು ನಾನಪ್ಪ, ಅಂದಳು, ಎರಡು ವರ್ಷ ನಿನ್ನ ಮುಂದೆ ಸುಳ್ಳು ಸುಸ್ತು ಆಡಿಸಿದ್ದು ನಾನು, ನಿಜವಾದ ಸುಸ್ತು ಬಂದಾಗ ನೀನು ಹೇಗೆ ಕಂಡುಹಿಡೀಬೇಕಿತ್ತು. ಬಯ್ಯಲಿಲ್ಲ. ಬಯ್ದಿದ್ದರೆ ಬಯ್ಗುಳಕ್ಕೆ ತಲೆಕೊಟ್ಟು ನಿಲ್ಲಬಹುದಿತ್ತು, ಮಗಳು ತಪ್ಪಿನಲ್ಲಿ ಅರ್ಧ ಕಿತ್ತುಕೊಂಡು ತನ್ನ ಮಡಿಲಿಗೆ ಹಾಕಿಕೊಂಡಳು, ಅದು ಅವಳದ್ದಲ್ಲ, ಅವಳು ಆ ಕೈ ನೋಡಿಲ್ಲ, ನೋಡಿದ್ದರೆ ಅವಳು ನಿಲ್ಲುತ್ತಿದ್ದಳು, ಹೆಂಡತಿ ನಿಲ್ಲುತ್ತಿದ್ದಳು, ಹೊಟ್ಟೆ ಉರಿಸುವ ಆ ಹತ್ತೊಂಬತ್ತರ ಹುಡುಗಿ ನಿಲ್ಲುತ್ತಿದ್ದಳು, ಯಾರಾದರೂ. ಹೆಂಡತಿಗೆ ಫೋನು ಮಾಡಬೇಕು, ಏನಂತ ಮಾಡುವುದು.

ಡಾಕ್ಟರಮ್ಮ ಹೊರಗೆ ಬಂದು ತಲೆಯ ಹಸಿರು ಟೋಪಿ ಕಳಚಿದಾಗ ಗೋಡೆಯ ಗಡಿಯಾರ ಹತ್ತೂವರೆ, ಬಿಡಿಸಿದ್ದೇವೆ, ಅಂದಳು, ಇನ್ನೆರಡು ದಿನ ಜೋಪಾನ, ಆದರೆ ಎಚ್ಚರವಿದ್ದಾರೆ, ಮಾತಾಡ್ತಿದ್ದಾರೆ, ಎದೆ ಅದುಮಿದವರು ಯಾರೋ ಅವರಿಗೆ ದೊಡ್ಡ ನಮಸ್ಕಾರ, ಆಮೇಲೆ ಮಗಳ ಕಡೆ ತಿರುಗಿ, ಮೂವತ್ತೊಂದಕ್ಕೆ ಹೀಗಾ ಅಂತ ಕೇಳಬೇಡಿ, ಆಗತ್ತೆ, ಗಟ್ಟಿಮುಟ್ಟಾದವರಿಗೂ ಆಗತ್ತೆ, ಅಂದಳು. ಮಗಳು ಒಳಗೆ ಹೋದಳು, ಒಂದು ಚಪ್ಪಲಿ ಸಣ್ಣದು ಒಂದು ದೊಡ್ಡದು, ಐದು ನಿಮಿಷಕ್ಕೆ ಹೊರಗೆ ಬಂದಳು, ಕಣ್ಣು ಒರೆಸಿಕೊಂಡಿದ್ದಳು, ನಿನ್ನನ್ನ ಕೇಳ್ತಿದ್ದಾನೆ, ಹೋಗು. ನೀನು ಹೇಳಿದ್ಯಾ. ಇಲ್ಲ, ಅದು ನಿನ್ನ ಮಾತು. ಬೂಟು ಕಳಚಿ ಬಾಗಿಲ ಹೊರಗಿಟ್ಟು ಬರಿಗಾಲಲ್ಲಿ ಹೋದರು, ನೆಲ ಐಸಿನ ಹಾಗಿತ್ತು, ಮಂಚದ ಮೇಲೆ ಅವನು ಎಷ್ಟು ಸಣ್ಣಗಾಗಿದ್ದ, ಬೆಳಿಗ್ಗೆ ಗುಡ್ಡವನ್ನೇ ನುಂಗುತ್ತೇನೆ ಅಂತ ಹೊರಟ ಕಾಲುಗಳು ಹೊದಿಕೆಯ ಕೆಳಗೆ ಎರಡು ಕೋಲುಗಳ ಹಾಗೆ, ಮಾವ, ಅಂದ, ಅದೇ ದನಿ, ಸಣ್ಣಗೆ, ಈ ಸಲ ಪೂರಾ ತಿರುಗಿದರು, ಹತ್ತಿರ ಹೋದರು, ಹೇಳಪ್ಪಾ. ಏನೂ ನೆನಪಿಲ್ಲ ಮಾವ, ಮೂರನೇ ತಿರುವು ನೆನಪಿದೆ, ನೀವು ಕಾಣಿಸ್ತಿರಲಿಲ್ಲ, ಆಮೇಲೆ ಏನೂ ಇಲ್ಲ, ಒರೆಸಿ ಹಾಕಿದ ಹಾಗಿದೆ, ಯಾರು ಮೊದಲು ಮೇಲೆ ಹೋಗಿದ್ದು. ಒರೆಸಿ ಹಾಕಿದ ಹಾಗಿದೆ. ಹಾಗಾದರೆ ಜಗತ್ತಿನಲ್ಲಿ ಅದು ಇನ್ನು ಒಂದೇ ಕಡೆ ಇದೆ, ತಮ್ಮ ತಲೆಯೊಳಗೆ. ನಾನು, ಅಂದರು. ಎಷ್ಟು. ಇಪ್ಪತ್ಮೂರು ಮೂವತ್ತೊಂದು. ಒಣಗಿದ ತುಟಿ ಸ್ವಲ್ಪ ಅರಳಿತು, ನಿಜವಾಗ್ಲೂ, ನಾನು ಬಿಟ್ಟುಕೊಡಲಿಲ್ಲ ತಾನೆ, ಮಾತು ಕೊಟ್ಟಿದ್ದೆನಲ್ಲ. ಬಿಟ್ಟುಕೊಡಲಿಲ್ಲ ಕಣಪ್ಪ, ನೀನು ನನ್ನನ್ನ ಕರೆದೆ, ನೋವಿತ್ತು ನಿಂಗೆ, ನಾನು ನೋಡಿದೆ, ನಿಲ್ಲಲಿಲ್ಲ, ನೀನು ಕೈ ಎತ್ತಿದ್ದೆ. ಅವನ ಹುಬ್ಬು ಗಂಟಾಯಿತು, ನೆನಪಿನ ಖಾಲಿ ಜಾಗದಲ್ಲಿ ತಡಕಾಡುತ್ತಿರುವ ಹಾಗೆ, ಕೈಯಾ, ಅಂದ, ಹೋಗಿ ಅಂದಿರ್ತೀನಿ ಮಾವ, ಹೆಂಗೆ ಎತ್ತಿದ್ದೆ. ಹೆಂಗೆ. ಹೋಗಿ ಅನ್ನುವವನು ಕೈಯನ್ನು ಮುಂದಕ್ಕೆ ಬೀಸುತ್ತಾನೆ, ಕೈಯ ಬೆನ್ನು ಕಾಣುತ್ತದೆ, ಬೆನ್ನು ಕಂಡಿತ್ತಾ, ಅವನು ಹಾಕಿಕೊಂಡಿದ್ದ ಬೆರಳಿಲ್ಲದ ಸೈಕಲ್ ಗವಸಿನ ಬೆನ್ನು ಕರಿ, ಅಂಗೈ ಕಡೆ ಬಿಳಿ ತೊಗಲು, ಬೆವರಿಗೆ ಹಳದಿಯಾದ ಬಿಳಿ, ಹೀಗೆ, ಅಂತ ತೋರಿಸಲು ತಮ್ಮ ಬಲಗೈ ಎತ್ತಿದರು, ಮಂಚದ ಕಡೆಗೆ, ಅವನ ಮುಖದ ಎದುರಿಗೆ, ತಿರುಗಿಸಲು ನೋಡಿದರು, ಬೆನ್ನು ಅವನ ಕಡೆ ಬರಲಿ ಅಂತ, ಕೈ ತಿರುಗಲಿಲ್ಲ, ಬಿಳಿ ಕಂಡಿತ್ತು, ಬೆರಳು ಐದೂ ಅಗಲ, ಬೀಸಲಿಲ್ಲ, ಅಲುಗಲಿಲ್ಲ, ಬಿಳಿ, ಅಂಗೈ, ತಮ್ಮ ಕಡೆಗೆ, ಅಂಗೈ.